ಹೆಸರು ಕೂಗಿದರೆ ತೆಗೆಯುವ ಬಾಗಿಲು

ಆಡುತ್ತಾ ಕೂಗಿದರೋ, ನಿಜವಾಗಿಯೇ ಕೂಗಿದರೋ? ತಾವಾಗಿ ಕೋಣೆಯೊಳಗೆ ಹೋದವರನ್ನು ಕೂಡಿಹಾಕಿದರು ಎಂದು ಎಫ್‌ಐಆರ್ ಬರೆಯುವುದಾದರೂ ಹೇಗೆ? ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. ದೂರು ತಂದ ಹೆಂಗಸು ಎದುರು ಕುಳಿತಿದ್ದಳು. ಅವಳ ತಂದೆ, ನಿವೃತ್ತ ಹೆಡ್‌ಮಾಸ್ಟರ್, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು.

"ಅಪ್ಪಂಗೆ ಉಬ್ಬಸ ಸಾರ್. ಈ ವಯಸ್ಸಲ್ಲಿ ವೇಷ ಯಾಕಪ್ಪಾ ಅಂದ್ರೆ, ಜೀವಮಾನವೆಲ್ಲ ಬೈದಿದ್ದಾಯ್ತು, ಇನ್ಮೇಲೆ ಬೈಸ್ಕೋತೀನಿ ಬಿಡು ಅಂತ ನಗ್ತಿದ್ರು."

ತಂದೆ ಸೇರಿಕೊಂಡಿದ್ದ ಆಟವನ್ನು ಅವಳೇ ವಿವರಿಸಿದಳು. ವೇದಿಕೆಯಿಲ್ಲ, ನೋಡುವವರಿಲ್ಲ, ಬರೆದ ಮಾತಿಲ್ಲ; ಸನ್ನಿವೇಶ, ನಿಯಮ ಮಾತ್ರ ಒಬ್ಬರು ಬರೆದುಕೊಡುತ್ತಾರೆ. ಹತ್ತಾರು ಜನ ಎರಡು ದಿನ ಒಂದು ಹಾಸ್ಟೆಲಿನ ಹುಡುಗರಾಗಿ, ಮೇಷ್ಟ್ರುಗಳಾಗಿ ಬದುಕುತ್ತಾರೆ. ಅಳು ಬಂದರೆ ಅಳುತ್ತಾರೆ. ಯಾರಿಗಾದರೂ ತಡೆಯಲಾಗದಿದ್ದರೆ ತನ್ನ ನಿಜವಾದ ಹೆಸರು ಕೂಗಬೇಕು. ಆ ಕ್ಷಣವೇ ಎಲ್ಲರೂ ಪಾತ್ರ ಬಿಟ್ಟು ಬಾಗಿಲು ತೆಗೆಯಬೇಕು. ಹುಡುಗನ ಪಾತ್ರದಲ್ಲಿದ್ದ ತಂದೆ ಕೂಗಿದ್ದರು. ಯಾರೂ ತೆಗೆಯಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಅಕ್ರಮ ಬಂಧನದ ಪ್ರಕರಣ ದಾಖಲಾಯಿತು.

ಆಟ ನಡೆದದ್ದು ಮುಚ್ಚಿದ ಮುದ್ರಣಾಲಯವೊಂದರಲ್ಲಿ. ಪಂಚನಾಮೆಯಲ್ಲಿ ಬರೆದದ್ದು ಇಷ್ಟು: ಕಿಟಕಿಯಿಲ್ಲದ ಕೋಣೆ, ಹೊರಗಿನಿಂದ ಚಿಲಕ, ಬೇಕೆಂದೇ ತಂದಿಟ್ಟ ಮುರಿದ ಬೆಂಚು, ಹರಿದ ಭೂಪಟ, ಬಾಗಿಲ ಒಳಮೈಯಲ್ಲಿ ಉಗುರಿನ ಗೀರು. ಉಬ್ಬಸದ ಇನ್‌ಹೇಲರ್ ಹೊರಗಡೆ, ವೇಷ ಹಾಕುವ ಮುನ್ನ ಕಳಚಿಟ್ಟ ಅಂಗಿಯ ಜೇಬಿನಲ್ಲಿತ್ತು.

"ಇಷ್ಟು ದೂರ ಅಳೋಕೆ ಬರ್ತಾರಲ್ಲ ಸಾರ್, ಸ್ಟೇಷನ್ನಿಗೆ ಬಂದಿದ್ರೆ ನಾವೇ ಅಳಿಸ್ತಿದ್ವಿ," ಎಂದ ದಫೇದಾರ. ಇನ್‌ಸ್ಪೆಕ್ಟರ್ ನಗಲಿಲ್ಲ. ಚಿಲಕವನ್ನು ಎಳೆದು, ಹಾಕಿ, ಮತ್ತೆ ಎಳೆದರು.

ಆಟಗಾರರನ್ನು ಒಬ್ಬೊಬ್ಬರಾಗಿ ಕರೆಸಿದರು. ಮೊದಲು ಬಂದವಳು ವೃತ್ತಿಯಲ್ಲಿ ನರ್ಸ್.

"ಉಬ್ಬಸದ ದನಿ ನಿಮಗೆ ಗೊತ್ತಾಗ್ಲಿಲ್ವಾ?"

"ಎಷ್ಟು ಚೆನ್ನಾಗಿ ಮಾಡ್ತಿದಾರೆ ಅಂದ್ಕೊಂಡೆ." ಅವಳು ತಲೆಯೆತ್ತಲಿಲ್ಲ.

"ಹೆಸರು ಕೂಗಿದ್ರಲ್ಲ?"

"ಇವತ್ತು ಪಾತ್ರಕ್ಕೂ ಅವರದೇ ಹೆಸರು, ಕೂಗಿದ್ರೂ ನಿಲ್ಲಿಸ್ಬೇಡಿ ಅಂತ ಆಟ ಬರೆದವರು ಹೇಳಿದ್ರು."

"ಹಾಗೆ ಹೇಳುವಾಗ ಹೆಡ್‌ಮಾಸ್ಟರ್ ಅಲ್ಲಿದ್ರಾ?"

"ಇಲ್ಲ. ಅವರು ಆಗಲೇ ಒಳಗಿದ್ರು."

ಉಳಿದವರೂ ಬೇರೆಬೇರೆಯಾಗಿ ಅದನ್ನೇ ಹೇಳಿದರು. ನಿಯಮ ಬದಲಾದದ್ದು ಗೊತ್ತಿಲ್ಲದೆ ಉಳಿದವರು ಕೋಣೆಯೊಳಗಿದ್ದ ಮೇಷ್ಟ್ರೊಬ್ಬರೇ. ಕೂಗು ನಿಜವೋ ಆಟವೋ ಎಂಬ ಇನ್‌ಸ್ಪೆಕ್ಟರರ ಅನುಮಾನ ಅಲ್ಲಿಗೆ ತೀರಿತು, ಚಡಪಡಿಕೆ ತೀರಲಿಲ್ಲ. ಕೂಗು ನಿಂತ ಮೇಲೆ ಚಿಲಕ ತೆಗೆದು, ಮುದುಕರನ್ನು ಹೊತ್ತು ಆಸ್ಪತ್ರೆಗೆ ಓಡಿದವನೂ ಆಟ ಬರೆದವನೇ.

ಅವನು ಇನ್ನೂ ಆಸ್ಪತ್ರೆಯ ಮೊಗಸಾಲೆಯಲ್ಲೇ ಇದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

"ಉಸಿರಾಡ್ತಿದಾರಾ?" ಎಂದು ಅವನೇ ಮೊದಲು ಕೇಳಿದ.

"ಬದುಕ್ತಾರೆ ಅಂದ್ರು ಡಾಕ್ಟರು. ಯಾಕೆ ತೆಗೀಲಿಲ್ಲ?"

"ಆರನೇ ಕ್ಲಾಸಲ್ಲಿ ಇವರು ನನ್ನನ್ನ ಸ್ಟೋರ್ ರೂಮಿಗೆ ಹಾಕಿ, ಮರೆತು ಮನೆಗೆ ಹೋದ್ರು. ಒಳಗೆ ಯಾರಿದಾರೆ ಅಂತ ಗೊತ್ತಾದ್ರೆ ತೆಗೀತಾರೆ ಅಂತ ನನ್ನ ಹೆಸರು ಕೂಗ್ತಾನೇ ಇದ್ದೆ. ಹೆಸರು ಕೂಗಿದ್ರೆ ತೆಗೆಯೋ ಬಾಗಿಲು ಒಂದಾದ್ರೂ ಇರ್ಲಿ ಅಂತ ಈ ಆಟ ಬರೆದೆ."

"ಮತ್ತೆ?"

"ನೆನಪಾಗ್ಲಿ ಅಂತ ಕಾಯ್ತಿದ್ದೆ."

ಬಂಧಿಸಿರುವುದಾಗಿ ಇನ್‌ಸ್ಪೆಕ್ಟರ್ ತಿಳಿಸಿದರು. ದಫೇದಾರ ತೋಳು ಹಿಡಿದ.

ಸಂಜೆ ಎಚ್ಚರಗೊಂಡ ಮೇಷ್ಟ್ರು ಹೇಳಿಕೆ ಕೊಟ್ಟರು. ಆಟ ಬರೆದ ಹುಡುಗನನ್ನು ಎರಡು ವರ್ಷದಿಂದ ಬಲ್ಲೆ, ತುಂಬಾ ಒಳ್ಳೆಯವನು, ಅದಕ್ಕೆ ಮೊದಲು ಎಲ್ಲೂ ಕಂಡಿದ್ದಿಲ್ಲ ಎಂದರು.

ಆ ಎರಡು ವರ್ಷದಲ್ಲಿ, ತಾನು ಅವರ ಶಾಲೆಯಲ್ಲಿ ಓದಿದವನು ಎಂದು ಅವನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.