ಒಂದು ಸಾಲು ಜಾರಿದ ಪಟ್ಟಿ

ಸೋಮವಾರ ಬೆಳಿಗ್ಗೆ ಏಳು ಮೂವತ್ತೈದಕ್ಕೆ ದೊಡ್ಡಾಸ್ಪತ್ರೆಯ ಲಾಂಡ್ರಿ ಮ್ಯಾನೇಜರ್ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಅವರ ಬಲತೋಳು ಮೊಣಕೈವರೆಗೆ ತೊಯ್ದಿತ್ತು. ಶನಿವಾರ ನೆನೆಹಾಕಿದ್ದ ಬಟ್ಟೆ ಏನಾಗಿದೆಯೋ ಎಂದು ತೊಟ್ಟಿಗೆ ಕೈ ಹಾಕಿ ನೋಡಿದ್ದರಂತೆ.

“ಸಾರ್, ಕಂಪ್ಲೇಂಟ್ ಕೊಡ್ಬೇಕು. ನಮ್ಮಲ್ಲಿ ಕಳ್ಳತನ ಆಗಿದೆ.”

“ಏನು ಹೋಯ್ತು?”

“ಹೋಗಿದ್ದು ಏನಿಲ್ಲ. ನೂರನಲವತ್ತಮೂರು ಜನದ ಪಾಸ್‌ವರ್ಡು ಬದಲಾಗಿದೆ.”

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಮುಚ್ಚಳ ಬಿದ್ದರೆ ಮತ್ತೆ ನಿಲ್ಲಿಸುವವರೆಗೂ ಬರೆಯುವವರಲ್ಲ. ಠಾಣೆಯಲ್ಲಿ ಅವರಿಗೆ ನಿಧಾನಪ್ಪ ಎಂದೇ ಹೆಸರು. ಅದು ಅವರಿಗೂ ಗೊತ್ತು, ಬೇಸರವಿಲ್ಲ.

“ಅಂದ್ರೆ ಕಳ್ಳ ಏನೂ ತಗೊಂಡು ಹೋಗಿಲ್ಲ. ಏನನ್ನೋ ಇಟ್ಟು ಹೋಗಿದಾನೆ.”

“ತಮಾಷೆ ಅಲ್ಲ ಸಾರ್. ಎಂಟು ಆಪರೇಷನ್ನು ಹಸಿರು ಬಟ್ಟೆ ಇಲ್ದೆ ಕಾಯ್ತಿವೆ.”

ಮ್ಯಾನೇಜರ್ ವಿವರಿಸಿದರು. ಕೆಲಸಕ್ಕೆ ಬಂದವರು ಬಾಗಿಲ ಬಳಿಯ ಗಾಜಿನ ಪರದೆಯಲ್ಲಿ ತಮ್ಮ ನಂಬರು, ಪಾಸ್‌ವರ್ಡು ಒತ್ತಬೇಕು. ಹಸಿರು ದೀಪ ಬಂದರೆ ಅವರವರ ಯಂತ್ರ ಎಚ್ಚರಗೊಳ್ಳುತ್ತದೆ. ಭಾನುವಾರ ರಜೆ; ಇಂದು ಆರು ಗಂಟೆಯಿಂದ ಎಲ್ಲರಿಗೂ ಕೆಂಪು. ಎಂಟು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ: ಅರವತ್ತೊಂದು, ಆರೋಪಿ: ಅಪರಿಚಿತ.

ಎಂಟು ನಲವತ್ತಕ್ಕೆ ಇನ್‌ಸ್ಪೆಕ್ಟರ್, ಗುಬ್ಬಿ ಎಂದು ಕರೆಸಿಕೊಳ್ಳುವ ಪುಟ್ಟ ಮೈಕಟ್ಟಿನ ಮಹಿಳಾ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚರು ಸ್ಥಳಕ್ಕೆ ಹೋದರು. ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಯಾವನೋ ಋಷಿಯ ಬಾಯಿಂದ ಮಾತು ಬಿದ್ದು ಊರಿಗೆ ಊರೇ ಕಲ್ಲಾಗಿ ನಿಂತಿತು ಎನ್ನುತ್ತಾರಲ್ಲ, ಹಾಗಿತ್ತು ಅಲ್ಲಿಯ ನೋಟ. ಆಳೆತ್ತರದ ಡ್ರಮ್ಮುಗಳು ಬಾಯಿ ತೆರೆದು ನಿಂತಿದ್ದವು. ತಲೆಯ ಮೇಲಿನ ಕೊಂಡಿಗಳಲ್ಲಿ ಚೀಲಗಳು ಅಲ್ಲಲ್ಲೇ ತೂಗಿ ನಿದ್ದೆಹೋಗಿದ್ದವು. ಬಟ್ಟೆಗಂಟುಗಳ ಮೇಲೆ ನೂರಕ್ಕೂ ಹೆಚ್ಚು ಜನ ಕೂತು ಹರಟುತ್ತಿದ್ದರು.

ಗೋಡೆಯ ಮೇಲೆ ಎರಡು ಕಾಗದ ಅಂಟಿಸಿದ್ದರು. ಒಂದರಲ್ಲಿ: ತಿಂಗಳಲ್ಲಿ ಮೂರು ದಿನ ಲಾಗಿನ್ ತಪ್ಪಿದವರ ಹೆಸರು ಶುಕ್ರವಾರದ ಸಮಿತಿಯ ಮುಂದೆ ಬರುವುದು, ಹಾಜರಿ ಪಟ್ಟಿಯಿಂದ ತೆಗೆಯಲಾಗುವುದು. ಇನ್ನೊಂದರಲ್ಲಿ ಈ ತಿಂಗಳು ತಪ್ಪಿದವರ ಹೆಸರು. ಒಂದೇ ಹೆಸರಿತ್ತು, ಎದುರಿಗೆ ಎರಡು ಕೆಂಪು ಗೀಟು.

“ಇದು ಯಾರು?” ಎಂದು ನಿಧಾನಪ್ಪ ಕೇಳಿದರು.

“ಇಸ್ತ್ರಿ ಮಾಮ,” ಎಂದರು ಮ್ಯಾನೇಜರ್. “ಮೂವತ್ತೊಂದು ವರ್ಷದ ಸರ್ವಿಸ್ಸು. ಈಚೆಗೆ ಸ್ವಲ್ಪ ಅಸಡ್ಡೆ. ಇನ್ನೊಂದು ಗೀಟು ಬಿದ್ರೆ ನನ್ನ ಕೈಲಿ ಏನಿಲ್ಲ.”

ಕಿಟಕಿಯಾಚೆಯಿಂದ ಒಂದು ಹೆಣ್ಣುದನಿ ಬಂತು. “ಸಾರ್, ಇವತ್ತಿನ ಕೆಂಪೂ ಲೆಕ್ಕಕ್ಕೆ ಬರುತ್ತಾ?”

ಕೇಳಿದವಳು ಗಂಟಿನಕ್ಕ. ವಾರ್ಡುಗಳಿಂದ ಬರುವ ಬಟ್ಟೆಗಂಟುಗಳನ್ನು ಎಣಿಸಿ ಒಳಗೆ ಬಿಡುವ ಕಿಟಕಿಯ ಮೇಲ್ವಿಚಾರಕಿ. ನಲವತ್ತರ ಆಸುಪಾಸು, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಮ್ಯಾನೇಜರ್ ಕಚೇರಿಯ ಕಡೆ ಹೆಜ್ಜೆ ಹಾಕಿದರು. ನಿಧಾನಪ್ಪ ಆಕೆಯ ಮುಖ ನೋಡಿ, ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡರು. ಸಮಯ, ಒಂಬತ್ತು ಐದು.

ಲಾಂಡ್ರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರಮ್ಮ ಕಚೇರಿಯಲ್ಲಿ ಕಾಯುತ್ತಿದ್ದಳು. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಮುಖದಲ್ಲಿ ಅಳು ತಡೆದ ಗುರುತಿತ್ತು.

“ಒಬ್ಬೊಬ್ಬರದಾಗಿ ಬದಲಾಯಿಸಿಲ್ಲ ಸಾರ್. ಒಂದೇ ಏಟಿಗೆ. ಶನಿವಾರ ಮಧ್ಯಾಹ್ನ ಮೂರು ನಲವತ್ತೆರಡಕ್ಕೆ.”

“ಹೇಗೆ?”

“ಸ್ಪ್ರೆಡ್‌ಶೀಟಲ್ಲಿ. ಒಂದು ಕಾಲಮ್ಮಲ್ಲಿ ಹೆಸರು, ಪಕ್ಕದಲ್ಲಿ ಹೊಸ ಪಾಸ್‌ವರ್ಡು. ಫೈಲನ್ನ ಒಳಗೆ ಬಿಟ್ರೆ ಸಿಸ್ಟಮ್ಮು ಸಾಲುಸಾಲಾಗಿ ಓದಿ ಎಲ್ಲರದೂ ಬದಲಾಯಿಸುತ್ತೆ. ಪ್ರತಿ ತಿಂಗಳೂ ನಾವೇ ಹೀಗೆ ಹೊಸದು ಹಾಕೋದು. ಹನ್ನೆರಡು ಅಕ್ಷರ, ಚಿಹ್ನೆ ಎಲ್ಲ ಸೇರಿಸಿ.”

“ಅದನ್ನ ಇವರು ನೆನಪಿಟ್ಕೋತಾರಾ?”

“ಚೀಟಿ ಕೊಡ್ತೀವಿ.”

ಬಾಗಿಲಲ್ಲಿ ನಿಂತಿದ್ದ ಬಾಯ್ಲರಣ್ಣ ತಡೆಯಲಾರದೆ ಬಾಯಿ ಹಾಕಿದ. “ಚೀಟಿ ಜೇಬಲ್ಲಿ ಇಟ್ರೆ ಹತ್ತು ಗಂಟೆಗೆ ಗಂಜಿ ಆಗಿರುತ್ತೆ ಸಾರ್. ಇದು ಲಾಂಡ್ರಿ. ಕೈ ಮೇಲೆ ಬರ್ಕೊಂಡ್ರೆ ಮೊದಲನೇ ತೊಟ್ಟಿಗೇ ಹೋಯ್ತು.”

ಫೈಲು ಹಾಕಲು ಬಳಸುವ ಖಾತೆ ಒಂದೇ. ಅದರ ಪಾಸ್‌ವರ್ಡು ಮೇಜಿನ ಡ್ರಾಯರಿನ ಒಳಬದಿಗೆ ಅಂಟಿಸಿತ್ತು. ಆ ಡ್ರಾಯರು ತೆಗೆಯಬಲ್ಲವರು ಐವರು: ಮ್ಯಾನೇಜರ್, ಎಂಜಿನಿಯರಮ್ಮ, ಮೂವರು ಮೇಲ್ವಿಚಾರಕರು. ಅಳಿಸಿದ ಫೈಲು ಕಂಪ್ಯೂಟರಿನ ಕಸದ ಬುಟ್ಟಿಯಲ್ಲೇ ಸಿಕ್ಕಿತು. ಅದರ ಪ್ರತಿ, ಕಂಪ್ಯೂಟರು ಬರೆದಿಟ್ಟ ದಾಖಲೆಯ ಮುದ್ರಿತ ಹಾಳೆ, ಡ್ರಾಯರಿನ ಚೀಟಿ ಪಂಚರ ಮುಂದೆ ಸೀಲಾದವು. ಪಂಚನಾಮೆ ಮುಗಿದಾಗ ಹತ್ತು ಗಂಟೆ.

ಆ ದಾಖಲೆಯ ಕೊನೆಯ ಸಾಲನ್ನು ಗುಬ್ಬಿ ಗಟ್ಟಿಯಾಗಿ ಓದಿದಳು. “ಒಟ್ಟು ಸಾಲು ನೂರನಲವತ್ತನಾಲ್ಕು. ಬದಲಾದದ್ದು ನೂರನಲವತ್ತಮೂರು. ಕೊನೆಯ ಸಾಲಲ್ಲಿ ಹೆಸರಿಲ್ಲ, ಬಿಟ್ಟಿದೆ.”

“ಹೆಸರಿಲ್ಲದ ಪಾಸ್‌ವರ್ಡು ಯಾಕೆ ಬಂತು?” ಎಂದು ನಿಧಾನಪ್ಪ ತಮ್ಮಷ್ಟಕ್ಕೇ ಕೇಳಿಕೊಂಡರು. ಫೈಲಿನ ಪಟ್ಟಿ ನೋಡಿದ ಮೇಲೆ ಅವರ ಹುಬ್ಬು ಇನ್ನಷ್ಟು ಮೇಲೇರಿತು. ಹನ್ನೆರಡಕ್ಷರದ ಕಗ್ಗಂಟು ಅಲ್ಲಿರಲಿಲ್ಲ. ಕುಂಟುಬಾತು, ಹಳದಿಕಿಟಕಿ, ಅತ್ತೆಸೈಕಲ್ಲು, ಮೊದಲಹಲ್ಲು... ಒಂದೊಂದೂ ಯಾವುದೋ ಕತೆಯ ಬಾಲದಂತಿತ್ತು.

ಒಬ್ಬೊಬ್ಬರನ್ನೇ ಊಟದ ಕೋಣೆಗೆ ಕರೆದರು. ಮೊದಲು ಬಂದವಳು ಬಟ್ಟೆ ಒಣಗಿಸುವ ವಿಭಾಗದಾಕೆ.

“ನಿಮ್ಮ ಹೆಸರಿನ ಮುಂದೆ ಕುಂಟುಬಾತು ಅಂತಿದೆ,” ಎಂದಳು ಗುಬ್ಬಿ.

“ಅಯ್ಯೋ, ನನ್ನ ಹಂಗಂದೋರು ಯಾರು?”

“ಯಾರೂ ಅಂದಿಲ್ಲಮ್ಮ. ಬರೆದಿದೆ ಅಷ್ಟೆ.”

“ಕುಂಟು ಬಾತು ಇರೋದು ಬಾಯ್ಲರಣ್ಣನ ಮನೇಲಿ. ಬಚ್ಚಲಲ್ಲಿ ಸಾಕಿದಾನೆ ಮಹರಾಯ. ಹೆಂಡ್ತಿ ಮುನಿಸ್ಕೊಂಡು ಮೂರು ಸಲ ತವರಿಗೆ ಹೋಗಿ ಬಂದ್ಳು, ಬಾತು ಮಾತ್ರ ಕದಲ್ಲಿಲ್ಲ.”

ಬಾಯ್ಲರಣ್ಣನ ಮುಂದೆ ಹಳದಿಕಿಟಕಿ ಎಂದಿತ್ತು. “ನಮ್ಮನೇಗೆ ಇರೋದೇ ಒಂದು ಕಿಟಕಿ ಸಾರ್, ಅದೂ ನೀಲಿ,” ಎಂದ. ಪಟ್ಟಿಯಲ್ಲಿ ಅವನಿಗಿಂತ ಒಂದು ಸಾಲು ಮೇಲಿದ್ದವಳು ಹರಿದ ಚಾದರ ಹೊಲಿಯುವ ಹೆಂಗಸು. ಹಳದಿಕಿಟಕಿ ಎನ್ನುವುದು ಕಿವಿಗೆ ಬಿದ್ದದ್ದೇ ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

“ಅದು ನಂದು. ಯಾವತ್ತಾದ್ರೂ ಮನೆ ಕಟ್ಟಿಸಿದ್ರೆ ಅಡುಗೆಮನೆಗೆ ಹಳದಿ ಕಿಟಕಿ ಇಡಿಸ್ಬೇಕು ಅಂತ ಆಸೆ.”

“ಯಾರಿಗೆ ಹೇಳಿದ್ರಿ ಇದನ್ನ?”

“ಗಂಡಂಗೂ ಹೇಳಿಲ್ಲ, ನಗ್ತಾರೆ. ಹೊಲಿದ ಗಂಟು ಕೊಡೋವಾಗ ಒಂದ್ಸಲ ಬಾಯಿಗೆ ಬಂದಿತ್ತು.”

“ಗಂಟು ಯಾರ ಕೈಗೆ ಕೊಡ್ತೀರಿ?”

ಹೊಲಿಗೆಯಾಕೆ ತಾನೇನು ಹೇಳಿಬಿಟ್ಟೆನೆಂದು ಅರಿವಾಗಿ ನೆಲ ನೋಡಿದಳು. ನಿಧಾನಪ್ಪ ಪುಸ್ತಕ ಬಿಚ್ಚಿ, ಒಂಬತ್ತು ಐದರ ಪ್ರಶ್ನೆಯ ಕೆಳಗೆ ಗೀಟು ಎಳೆದರು.

ನಿಧಾನಪ್ಪ ಹಾಳೆಯ ಮೇಲೆ ಸ್ಕೇಲು ಇಟ್ಟರು. ಪ್ರತಿಯೊಬ್ಬರಿಗೂ ತಮಗಿಂತ ಒಂದು ಸಾಲು ಮೇಲಿನವರ ಗುಟ್ಟು ಸಿಕ್ಕಿತ್ತು. ಹೆಗಲ ಮೇಲಿಂದ ಇಣುಕಿದ ಎಂಜಿನಿಯರಮ್ಮ ತಟ್ಟನೆ ಹೇಳಿದಳು: “ಟ್ರಾಲಿ ತಳ್ಳೋರೊಬ್ರು ಶುಕ್ರವಾರ ಕೆಲಸ ಬಿಟ್ರು. ಪಟ್ಟೀಲಿ ಅವರದೇ ಮೊದಲ ಹೆಸರು. ಅಳಿಸುವಾಗ ಪೂರ್ತಿ ಸಾಲು ಅಳಿಸ್ದೆ ಹೆಸರಿನ ಚೌಕ ಮಾತ್ರ ಅಳಿಸಿದಾರೆ. ಹೆಸರುಗಳೆಲ್ಲ ಒಂದು ಮೆಟ್ಟಿಲು ಮೇಲೆ ಹತ್ತಿದ್ವು, ಪಾಸ್‌ವರ್ಡು ಇದ್ದಲ್ಲೇ ಕೂತ್ಕೊಂಡ್ವು. ನಂಗೂ ಮೊದಲ್ನೇ ತಿಂಗಳು ಹೀಗೇ ಆಗಿತ್ತು.”

“ಈಗ ಸರಿ ಮಾಡೋಕೆ?”

“ಹೊಸ ಚೀಟಿ ಕೊಡೋಕೆ ಸಂಜೆ ಆಗುತ್ತೆ. ಈ ಪಟ್ಟೀನೇ ಒಂದು ಸಾಲು ಸರಿಸಿ ಹಾಕಿದ್ರೆ ಐದು ನಿಮಿಷ.”

ಮ್ಯಾನೇಜರ್ ಮೇಲಿನ ಮಹಡಿಯ ಕರೆಗಳಿಗೆ ಬಡಿದುಕೊಳ್ಳುತ್ತಿದ್ದ ಫೋನಿನ ಕಡೆ ನೋಡಿದರು. “ಹಾಕಮ್ಮ, ಹಾಕು.”

“ಅದಕ್ಕೆ ಮೊದಲು,” ಎಂದು ನಿಧಾನಪ್ಪ ಕಾಗದ ಚಾಚಿದರು, “ಇವತ್ತಿನ ಕೆಂಪು ದೀಪ ಯಾವ ಕೆಲಸಗಾರರ ತಪ್ಪೂ ಅಲ್ಲ ಅಂತ ಬರೆದು ಸೈನ್ ಮಾಡಿ. ಕಡತಕ್ಕೆ ಬೇಕು.”

ಮ್ಯಾನೇಜರ ಸಹಿ ಬಿತ್ತು. ಹನ್ನೊಂದು ಇಪ್ಪತ್ತಕ್ಕೆ ಸರಿಪಡಿಸಿದ ಫೈಲು ಒಳಗೆ ಹೋಯಿತು. ಜನ ಸಾಲಾಗಿ ನಿಂತರು. ಗುಬ್ಬಿ ಒಬ್ಬೊಬ್ಬರ ಕಿವಿಯಲ್ಲಿ ಅವರವರ ಮಾತು ಉಸುರಿದಳು. ಕೇಳಿದವರಲ್ಲಿ ಕೆಲವರು ಕೆಂಪಾದರು, ಕೆಲವರು ಬಿದ್ದುಬಿದ್ದು ನಕ್ಕರು. ಒಬ್ಬನು ಪಾಸ್‌ವರ್ಡು ಒತ್ತಿ ಆಮೇಲೆ ಕಣ್ಣೊರೆಸಿಕೊಂಡ. ಡ್ರಮ್ಮುಗಳು ಒಂದೊಂದಾಗಿ ತಿರುಗತೊಡಗಿ, ನೆಲಮಾಳಿಗೆಗೆ ಮತ್ತೆ ಉಸಿರು ಬಂತು.

ಇಸ್ತ್ರಿ ಮಾಮನ ಸರದಿ ಬಂದಾಗ ಅವರು ಗುಬ್ಬಿಯ ಖಾಕಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. “ಹೊಸದಾಗಿ ಸೇರಿದ್ಯಾ ಮಗಳೇ? ಈ ಬಣ್ಣದ್ದು ಯಾವ ವಾರ್ಡು?”

“ನಾನು ಪೊಲೀಸು, ಮಾಮ. ನಿಮ್ಮ ಮಾತು ‘ಉಸ್ಸಪ್ಪಾ’ ಅಂತ.”

“ಅರೆ! ಇದು ಪ್ರೆಸ್ಸು ಎತ್ತುವಾಗೆಲ್ಲ ನಾನನ್ನೋದಲ್ವಾ?” ಎಂದು ಮಗುವಿನಂತೆ ನಕ್ಕು ಒತ್ತಿದರು. ಹಸಿರು ದೀಪ. ಕಿಟಕಿಯಾಚೆ ಗಂಟಿನಕ್ಕ ಕಣ್ಣು ಮುಚ್ಚಿ ತೆರೆದದ್ದನ್ನು ನಿಧಾನಪ್ಪ ಕಂಡರು.

ಅವರು ಪ್ರೆಸ್ಸಿನವರೆಗೂ ಮಾಮನ ಹಿಂದೆ ನಡೆದರು. ಮಾಮನ ಕೈ ಚಾದರವನ್ನು ಬಿಡಿಸಿ, ಮೂಲೆಗೆ ಮೂಲೆ ಕೂಡಿಸಿ, ಹಬೆ ಬಿಟ್ಟು, ಅಂಚು ತಪ್ಪದೆ ಮಡಿಸಿತು. ಗುಬ್ಬಿ ಅತ್ತ ಬಂದಳು. ಮಾಮ ತಲೆಯೆತ್ತಿ ಅಷ್ಟೇ ಅಕ್ಕರೆಯಿಂದ ಕೇಳಿದರು, “ಹೊಸದಾಗಿ ಸೇರಿದ್ಯಾ ಮಗಳೇ? ಈ ಬಣ್ಣದ್ದು ಯಾವ ವಾರ್ಡು?”

ಗುಬ್ಬಿ ಇನ್‌ಸ್ಪೆಕ್ಟರ ಮುಖ ನೋಡಿದಳು.

ಹನ್ನೆರಡು ನಲವತ್ತಕ್ಕೆ ಗಂಟುಕೋಣೆಯಲ್ಲಿ ಗಂಟಿನಕ್ಕನ ವಿಚಾರಣೆ.

“ಶನಿವಾರ ಮೂರು ನಲವತ್ತೆರಡಕ್ಕೆ ಎಲ್ಲಿದ್ರಿ?”

“ಇಲ್ಲೇ. ಗಂಟು ಎಣಿಸ್ತಿದ್ದೆ.”

“ಗಂಟೆಲ್ಲ ಮೂರೂವರೆಗೇ ಮುಗಿದಿದೆ. ನಿಮ್ಮದೇ ಸೈನು.”

ಗಂಟಿನಕ್ಕ ಕಿವಿಯಿಂದ ಪೆನ್ಸಿಲು ತೆಗೆದು ಮೇಜಿನ ಮೇಲಿಟ್ಟಳು, ಆಯುಧ ಒಪ್ಪಿಸಿದ ಹಾಗೆ.

“ಫೈಲು ಹಾಕೋದು ಯಾರು ಕಲಿಸಿದ್ರು?”

“ಎಂಜಿನಿಯರಮ್ಮಂಗೆ ಹೋದ ತಿಂಗಳು ಜ್ವರ. ಫೋನಲ್ಲಿ ಹೇಳಿದ್ಲು, ನಾನು ಮಾಡ್ದೆ. ಪಾಪ, ಅವಳನ್ನೇನೂ ಅನ್ಬೇಡಿ.”

“ಮಾಮನೊಬ್ಬರದನ್ನೇ ಬದಲಾಯಿಸಬಹುದಿತ್ತಲ್ಲ?”

ಆಕೆ ಬೆಚ್ಚಿದಳು. ಎದ್ದು ಹೋಗಿ ಗಂಟುಕೋಣೆಯ ಬಾಗಿಲು ಮುಚ್ಚಿ ಬಂದಳು. ಇನ್‌ಸ್ಪೆಕ್ಟರಿಗೆ ಅವಸರವೇ ಇರಲಿಲ್ಲ.

“ಒಬ್ಬರದು ಬದಲಾಯಿಸೋಕೆ ಅರ್ಜಿ ಬೇಕು ಸಾರ್. ಕಾರಣ ಬರೀಬೇಕು. ಏನು ಬರೀಲಿ? ಮರೀತಾರೆ ಅಂತಲಾ? ದಿನಾ ಬರೋ ದಾರಿ ಮರ್ತು ಹೋದ ವಾರ ಹೆರಿಗೆ ವಾರ್ಡಲ್ಲಿ ಕೂತಿದ್ರು ಅಂತಲಾ? ಫೈಲು ಹಾಕಿದ್ರೆ ಅದು ಯಾಕೆ ಏನು ಅಂತ ಕೇಳಲ್ಲ. ಒಬ್ಬರದೇ ಹಾಕಿದ್ರೆ ಕಣ್ಣಿಗೆ ಬೀಳುತ್ತೆ. ಎಲ್ಲರದೂ ಬದಲಾದ್ರೆ ತಿಂಗಳ ಕೆಲಸ ಅಂದ್ಕೋತಾರೆ.”

“ಎಲ್ಲರಿಗೂ ಅವರವರ ಮಾತು ಯಾಕೆ?”

“ಬದಲಾಯಿಸೋದೇ ಆದ್ಮೇಲೆ ಮರೀಲಾರದ್ದು ಕೊಡೋಣ ಅಂತ. ಬೆಳಿಗ್ಗೆ ಕಿಟಕೀಲಿ ಎಲ್ಲರಿಗೂ ಹೇಳೋಳಿದ್ದೆ. ಮಾಮಂಗೇ ಮೊದಲು ಹೇಳ್ದೆ. ಉಸ್ಸಪ್ಪಾ ಅಂತ ಒತ್ತಿದ್ರು, ಕೆಂಪು ಬಂತು. ಮೂರನೇ ಗೀಟು ನಾನೇ ಎಳೆದ್ನಲ್ಲಾ ಅಂತ ಬೇರೆಯವರಿಗೆ ಹೇಳೋಕೆ ಬಾಯೇ ಬರಲಿಲ್ಲ.”

“ಮಾಮ ನಿಮಗೇನಾಗಬೇಕು?”

“ಏನೂ ಆಗಲ್ಲ. ಸೇರಿದ ವಾರದಲ್ಲೇ ದೊಡ್ಡ ಡಾಕ್ಟರ ಕೋಟು ಸುಟ್ಟಿದ್ದೆ. ‘ನಾನು ಸುಟ್ಟೆ’ ಅಂತ ಹೋಗಿ ಬೈಸ್ಕೊಂಡು ಬಂದ್ರು. ಆಮೇಲೆ ಅದರ ಮಾತೇ ಎತ್ತಿಲ್ಲ.” ಆಕೆ ಮೂಗು ಒರೆಸಿಕೊಂಡಳು. “ಮನೇಲಿ ಕೂರಿಸಿದ್ರೆ ಅವರಲ್ಲಿ ಏನೂ ಉಳಿಯಲ್ಲ ಸಾರ್. ಇಲ್ಲಿ ಅವರ ಕೈಗೆ ಎಲ್ಲ ಗೊತ್ತು. ರಿಟೈರಾಗೋಕೆ ಹನ್ನೊಂದು ತಿಂಗಳು, ಅಷ್ಟೇ ಉಳಿದಿರೋದು. ನನ್ನ ಮೇಲೆ ಏನು ಬೇಕಾದ್ರೂ ಬರೀರಿ. ಇದನ್ನ ಬರೀಬೇಡಿ. ಕಾಗದಕ್ಕೆ ಬಿದ್ರೆ ಶುಕ್ರವಾರ ಸಮಿತಿ ಮುಂದೆ ಇರುತ್ತೆ.”

ಒಂದು ಹದಿನೈದಕ್ಕೆ ಬಂಧನದ ಮೆಮೋಗೆ ಗಂಟಿನಕ್ಕ ಸಹಿ ಮಾಡಿದಳು. ಠಾಣೆಯಲ್ಲಿ ರೈಟರ್ ಹೇಳಿಕೆಯ ನಮೂನೆ ಬಿಚ್ಚಿಟ್ಟು ಒಂದೊಂದೇ ಅಂಕಣ ತುಂಬಿದ. ಕೃತ್ಯದ ದಿನ, ಸಮಯ, ವಿಧಾನ. ಎಲ್ಲಕ್ಕೂ ಆಕೆ ಸ್ಪಷ್ಟವಾಗಿ ಉತ್ತರ ಕೊಟ್ಟಳು. ಕೊನೆಗೆ ‘ಉದ್ದೇಶ’ ಎಂಬ ಅಂಕಣ ಬಂತು. ನಿಧಾನಪ್ಪ ರೈಟರನ್ನು ತಡೆದರು.

“ಗಂಟುಕೋಣೇಲಿ ಆಡಿದ್ದು ಮಾತು. ಇದು ಹೇಳಿಕೆ. ಇಲ್ಲಿ ಬಾಯಿ ಬಿಟ್ಟದ್ದಷ್ಟೇ ಬರೀತೀವಿ, ಬಿಡದ್ದು ಬರಿಯೋಕೆ ಬರಲ್ಲ. ಅರ್ಥ ಆಯ್ತಾ?” ಆಮೇಲೆ ದನಿ ಬದಲಿಸಿ ಕೇಳಿದರು, “ಈ ಕೃತ್ಯ ಯಾಕೆ ಮಾಡಿದಿರಿ?”

ಗಂಟಿನಕ್ಕ ತುಟಿ ಬಿಗಿಹಿಡಿದಳು. ಗಡಿಯಾರ ಎರಡು ನಿಮಿಷ ಓಡಿತು.

“ಬರಿ,” ಎಂದರು ಇನ್‌ಸ್ಪೆಕ್ಟರ್. “ಆರೋಪಿ ಮೌನವಾಗಿದ್ದಾರೆ.”

ಸಂಜೆ ನಾಲ್ಕು ಮುಕ್ಕಾಲಿಗೆ ಲಾಂಡ್ರಿಯ ಏಪ್ರನ್ನಿನಲ್ಲೇ ಒಂಬತ್ತು ಜನ ಜಾಮೀನಿಗೆಂದು ಬಂದರು. ಬಾಯ್ಲರಣ್ಣ, ಹೊಲಿಗೆಯಾಕೆ, ಒಣಗಿಸುವಾಕೆ, ಎಲ್ಲರ ಹಿಂದೆ ಇಸ್ತ್ರಿ ಮಾಮ. ಒಬ್ಬರು ಸಾಕು ಎಂದು ರೈಟರ್ ರೇಗಿದ. ಮಾಮ ಗುಂಪನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದು ಸುತ್ತಲೂ ನೋಡಿದರು.

“ನಾವಿಲ್ಲಿಗೆ ಯಾಕೆ ಬಂದ್ವಿ?”

“ಜಾಮೀನು ಕೊಡೋಕೆ, ಮಾಮ.”

“ಯಾರಿಗೆ?”

“ನಮ್ಮ ಗಂಟಿನಕ್ಕಂಗೆ.”

“ಅವಳಿಗಾ?” ಮಾಮ ರೈಟರ ಕೈಯಿಂದ ಪೆನ್ನು ಕಿತ್ತುಕೊಂಡರು. “ಏನು ಮಾಡಿದ್ಲು ಅಂತ ನಂಗೆ ಹೇಳ್ಬೇಡಿ. ಸೈನ್ ಎಲ್ಲಿ ಮಾಡ್ಬೇಕು, ಅಷ್ಟು ತೋರಿಸಿ.”