ಮೂವತ್ತೊಂದನೇ ನಿಮಿಷದ ಹಳದಿ ಅಕ್ಷರ

"ನಿಮ್ಮ ಫಿಲ್ಮ್ ಮೇಲೆಲ್ಲ ಹಳದಿ ಅಕ್ಷರ ಇದೆಯಲ್ಲ, ಅದು ಬೇಕಂತಲೇ ಹಾಕಿದ್ದಾ?"

ಫೋನಿನಲ್ಲಿ ಚಾನೆಲ್ ಮೇಡಂ ಹೀಗೆ ಕೇಳಿದಾಗ ಚಕ್ರನ ಬಾಯಲ್ಲಿ ಟೂತ್‌ಬ್ರಷ್ ಇತ್ತು. ಬ್ರಷ್ ತೆಗೆದ. ಉಗುಳೋಕೆ ಜಾಗ ಸಿಗದೆ ನೊರೆ ನುಂಗಿದ.

"ಯಾವ ಅಕ್ಷರ ಮೇಡಂ?"

"ಎಂಟನೇ ನಿಮಿಷದ್ದು ಓದ್ತೀನಿ ಕೇಳಿ. 'ಇಲ್ಲಿ ನಿನ್ನ ನಗು ಸುಳ್ಳು. ಊರು ನೋಡೋಕೆ ಹೋಗಿದ್ಯೋ, ಹಲ್ಲುಪುಡಿ ಮಾರೋಕೆ ಹೋಗಿದ್ಯೋ?'"

ಆ ಕಡೆ ಮೂರ್ನಾಲ್ಕು ಜನ ಕಿಸಕ್ಕನೆ ನಕ್ಕರು.

ಚಕ್ರನ ಕಿವಿ ಕಾದ ಹೆಂಚಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಓದಿಸಿದಾಗ ಕೇಳಿದ್ದ ನಗು ಇದೇ. ಮರುದಿನದಿಂದ ಅವನು ಶಾಲೆ ಕಡೆ ತಲೆಹಾಕಿ ಮಲಗಿದ್ದೂ ಇಲ್ಲ. ಮೊಬೈಲ್ ರಿಪೇರಿ ಅಂಗಡಿ ಸೇರಿದ, ಗಿರಾಕಿಗಳ ಫೋನಿನಲ್ಲೇ ವಿಡಿಯೋ ತೆಗೆಯೋದು ಕಲಿತ. ಕಲಿಸಿದವರು ಯಾರೂ ಇಲ್ಲ. ಇದ್ದಿದ್ದರೆ ಅವರೂ ಸರ್ಟಿಫಿಕೇಟ್ ಕೇಳುತ್ತಿದ್ದರು.

ಈಗ ಮೂರು ವರ್ಷದಿಂದ ಅವನದು ಒಂದೇ ಕೆಲಸ. ಯಾವುದೋ ಬಸ್ ಹತ್ತೋದು, ಕೊನೇ ಸ್ಟಾಪ್‌ವರೆಗೂ ಇಳಿಯದೆ ಕೂರೋದು, ಅಲ್ಲಿ ಯಾರು ಸಿಗುತ್ತಾರೋ ಅವರನ್ನ ಶೂಟ್ ಮಾಡೋದು. ಕಾಲಲ್ಲಿ ಚಕ್ರ ಇದೆ ಅಂತ ಅಕ್ಕ ಬೈದು ಬೈದು ಅದೇ ಹೆಸರಾಗಿ ಹೋಯಿತು. ಆ ವಿಡಿಯೋಗಳನ್ನ ನೋಡಿದ ದೊಡ್ಡ ಚಾನೆಲ್ ಒಂದು, ನಲವತ್ತು ನಿಮಿಷದ ಫಿಲ್ಮ್ ಮಾಡಿ ಕಳಿಸು, ಹಿಡಿಸಿದರೆ ಒಂದು ವರ್ಷದ ಸೀರೀಸ್ ನಿನ್ನದು ಅಂದಿತ್ತು. ಇಷ್ಟು ದೊಡ್ಡ ಬಾಗಿಲು ಅವನ ಪಾಲಿಗೆ ಹಿಂದೆಂದೂ ತೆರೆದಿರಲಿಲ್ಲ.

"ತಪ್ಪು ಕಾಪಿ ಹೋಗಿದೆ ಮೇಡಂ," ಅಂದ.

"ಗಾಬರಿ ಆಗ್ಬೇಡಿ. ಸಂಜೆ ಐದರೊಳಗೆ ಅಕ್ಷರ ಇಲ್ಲದ್ದು ಕಳಿಸಿ. ಮತ್ತೆ..." ಮೇಡಂ ದನಿ ತಗ್ಗಿತು. "ಮೂವತ್ತೊಂದನೇ ನಿಮಿಷ ನೀವು ನೋಡಿದ್ದೀರಾ?"

"ಇಲ್ಲ."

"ನೋಡಿ. ಅದನ್ನ ನಾನು ಓದಿ ಹೇಳಲ್ಲ."

ಕಟ್.

ಹಾಲ್‌ನಲ್ಲಿ ಭಾವ ಪೇಪರ್ ಮಡಚಿದರು. "ಏನಂತೆ? ಕೆಲಸ ಹೋಯ್ತಾ, ಬರೋಕೆ ಮುಂಚೆನೇ?"

"ಸುಮ್ನಿರಿ ನೀವು," ಅಂದಳು ಅಕ್ಕ. ಆಮೇಲೆ ತಮ್ಮನ ಕಡೆ ತಿರುಗಿ, "ಕತ್ತರಿ ಹತ್ರ ಮಾತು ಬಿಟ್ಟು ನಾಲ್ಕು ದಿನ ಆಯ್ತು ನೀನು. ಹಂಗೇ ಆಗ್ಬೇಕು," ಅಂದಳು.

ಕತ್ತರಿ ಅಂದರೆ ಅವನ ಎಡಿಟರ್. ಫೋಟೋ ಸ್ಟುಡಿಯೋ ಮೇಲಿನ ರೂಮಿನಲ್ಲಿ ಕೂತು ಹಗಲೆಲ್ಲ ಮದುವೆ ವಿಡಿಯೋ ಕತ್ತರಿಸೋಳು. "ಮುನ್ನೂರು ಮದುವೆ ಮಾಡಿಸಿದೀನಿ, ಒಂದು ಊಟಕ್ಕೂ ಯಾರೂ ಕರೆದಿಲ್ಲ" ಅಂತ ಗೊಣಗೋಳು. ಉಳಿದ ಹೊತ್ತಿನಲ್ಲಿ ಚಕ್ರನ ಫಿಲ್ಮ್.

ಅವಳದೊಂದು ಪದ್ಧತಿ ಇತ್ತು. ಮೊದಲು ನೋಡೋಕೆ ಒಂದು ಕಾಪಿ ಮಾಡೋಳು. ಅದರಲ್ಲಿ ಎಲ್ಲಿ ಏನು ತಪ್ಪಿದೆ ಅಂತ ಚಿತ್ರದ ಮೇಲೇ ಹಳದಿ ಅಕ್ಷರದಲ್ಲಿ ಬರೆಯೋಳು. ಅವನು ನೋಡಿ ಫೋನ್ ಮಾಡಬೇಕು, ಇಬ್ಬರೂ ಗಂಟೆಗಟ್ಟಲೆ ಕಿತ್ತಾಡಬೇಕು, ಆಮೇಲೆ ಅಕ್ಷರ ತೆಗೆದು ಕಳಿಸೋ ಕಾಪಿ ಮಾಡೋಳು.

ಈ ಸಲ ಕಿತ್ತಾಟ ಮೊದಲೇ ಆಗಿತ್ತು. ಆರು ಸೆಕೆಂಡಿನ ಒಂದು ಶಾಟ್‌ಗೆ. ಅವನು ತೆಗಿ ಅಂದ, ಅವಳು ತೆಗೆಯಲ್ಲ ಅಂದಳು. ಮಾತಿಗೆ ಮಾತು ಬೆಳೆದು, "ನಾಲ್ಕು ಗೋಡೆ ಮಧ್ಯೆ ಕೂತೋಳಿಗೆ ಊರು ಸುತ್ತೋದು ಏನು ಗೊತ್ತಾಗುತ್ತೆ?" ಅಂದುಬಿಟ್ಟ.

"ಸರಿ," ಅಂದಿದ್ದಳು ಅವಳು. ಅಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಆ ಸಂಜೆ ಲಿಂಕ್ ಬಂತು. "ನೋಡಿ ಫೋನ್ ಮಾಡು" ಅಂತ ಮೂರು ಪದ. ಚಕ್ರ ನೋಡಲಿಲ್ಲ. ಸಿಟ್ಟು ಅಂತ ತನಗೆ ತಾನೇ ಹೇಳಿಕೊಂಡ, ನಿಜಕ್ಕೂ ಅದು ಅಂಜಿಕೆ. ಜಗಳ ಆದಮೇಲೆ ಮಾಡಿದ್ದು ಅಂದಮೇಲೆ ಇದೇ ಕೊನೇ ಕಾಪಿ ಇರಬೇಕು ಅಂತ, ನಿನ್ನೆ ಸಂಜೆ ಲಿಂಕನ್ನ ಇದ್ದ ಹಾಗೇ ಚಾನೆಲ್‌ಗೆ ತಳ್ಳಿದ. "ಕಳಿಸಿದೆ" ಅಂತ ಅವಳಿಗೂ ಒಂದು ಪದ ಎಸೆದ.

ಹಾಳಾದವಳು. ಊರೆಲ್ಲ ನಗೋ ಹಾಗೆ ಮಾಡಿದಳು. ಕ್ಯಾಮೆರಾ ಬ್ಯಾಗ್ ಹೆಗಲಿಗೇರಿಸಿ ಅವಳ ಸ್ಟುಡಿಯೋ ಕಡೆಯ ಬಸ್ ಹತ್ತಿದ. ಇವತ್ತು ಬಿಡಬಾರದು. ಕಿಟಕಿ ಸೀಟ್ ಸಿಕ್ಕಿತು. ಜಗಳಕ್ಕೆ ಸಾಮಾನು ಬೇಕಲ್ಲ, ಇಯರ್‌ಫೋನ್ ಸಿಕ್ಕಿಸಿ ಲಿಂಕ್ ತೆರೆದ.

ಎರಡನೇ ನಿಮಿಷ. 'ಇದು ಚೆನ್ನಾಗಿದೆ. ಹೊಗಳಿದೆ ಅಂತ ತಲೆ ಮೇಲೆ ಹತ್ತಿ ಕೂರಬೇಡ.'

ಎಂಟನೇ ನಿಮಿಷದ ಹಲ್ಲುಪುಡಿ. ನಗು ನಿಜಕ್ಕೂ ಸುಳ್ಳೇ. ಥೂ.

ಹದಿನಾಲ್ಕು. 'ಈ ಗೋಡೆ ತುದೀಲಿ ನಿಂತು ಶೂಟ್ ಮಾಡು ಅಂತ ಯಾರಪ್ಪಾ ಹೇಳಿದ್ದು? ಹನ್ನೊಂದು ಸಲ ಈ ಶಾಟ್ ನೋಡಿದೆ. ಹನ್ನೊಂದು ಸಲನೂ ಎದೆ ಧಸಕ್ ಅಂತು. ಬೀಳಲ್ಲ ಅಂತ ಗೊತ್ತಿದ್ದೂ.'

ಇಪ್ಪತ್ತೆರಡು. 'ಅಜ್ಜಿ ಮಾತಾಡ್ತಿದ್ರೆ ನೀನು ಮಧ್ಯೆ ಬಾಯಿ ಹಾಕಿದೀಯ. ನಿನ್ನ ದನಿ ತೆಗೆದೆ. ಸಾರಿ. ಇಲ್ಲ, ಸಾರಿ ವಾಪಸ್. ನಾನೇ ಸರಿ.'

ಚಕ್ರನಿಗೆ ಗೊತ್ತಿಲ್ಲದೆ ತುಟಿ ಅರಳಿತು. ಪಕ್ಕದ ಸೀಟಿನವರು ಒಮ್ಮೆ ನೋಡಿ ಸರಿದು ಕೂತರು.

ಮೂವತ್ತೊಂದು.

ಜಗಳಕ್ಕೆ ಕಾರಣವಾದ ಶಾಟ್ ಅದು. ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ಅವನು ಕೂತಿದ್ದಾನೆ. ಕ್ಯಾಮೆರಾ ಆಫ್ ಆಗಿದೆ ಅಂದುಕೊಂಡು ಮುಖ ಒರೆಸಿಕೊಂಡು ದಾರಿ ನೋಡುತ್ತಿದ್ದಾನೆ. ಏನೂ ಮಾಡುತ್ತಿಲ್ಲ. ಅಕ್ಷರ ಓದೋಕೆ ಅನುಕೂಲವಾಗಲಿ ಅಂತ ಅವಳು ಚಿತ್ರವನ್ನೇ ನಿಲ್ಲಿಸಿದ್ದಳು.

'ಇದನ್ನ ತೆಗಿ ಅಂತೀಯ. ಇಡೀ ಫಿಲ್ಮಲ್ಲಿ ನೀನು ಯಾರಿಗೂ ಏನೂ ತೋರಿಸದೆ ಕೂತಿರೋದು ಇಲ್ಲೊಂದೇ. ಮೂರು ವರ್ಷದಿಂದ ನಾನು ಈ ಮುಖ ಹುಡುಕ್ಕೊಂಡೇ ಕತ್ತರಿಸ್ತಿದೀನಿ. ಪ್ರತಿ ಸಲ ನೀನು ಹೋಗೋದು ಇರುತ್ತೆ. ಬಸ್ ಹತ್ತೋದು, ಕೈ ಬೀಸೋದು. ವಾಪಸ್ ಬರೋದನ್ನ ಮಾತ್ರ ನೀನು ಒಂದು ಸಲನೂ ಶೂಟ್ ಮಾಡಿಲ್ಲ ಕಣೋ. ನಾಲ್ಕು ಗೋಡೆ ಮಧ್ಯೆ ಕೂತೋಳು ಕಾಯೋದು ಅದಕ್ಕೇ ಅಲ್ವಾ? ಇಷ್ಟ ಇದ್ರೆ ಫೋನ್ ಮಾಡು. ಇಲ್ದಿದ್ರೆ ಮಾಡ್ಬೇಡ, ನಾನು ಅರ್ಥ ಮಾಡ್ಕೊಳ್ತೀನಿ.'

ಚಕ್ರ ಅದನ್ನ ನಾಲ್ಕು ಸಲ ಓದಿದ. ಒಂಬತ್ತನೇ ಕ್ಲಾಸಲ್ಲಿ ಒಂದು ಪಾಠವನ್ನೂ ಅಷ್ಟು ಸಲ ಓದಿರಲಿಲ್ಲ.

ಇಷ್ಟ ಇಲ್ಲದಿದ್ದರೆ ಫೋನ್ ಮಾಡಬೇಡ ಅಂದಿದ್ದಳು. ಅವನು ನಾಲ್ಕು ದಿನ ಮಾಡಿರಲಿಲ್ಲ.

"ನಿಲ್ಸಿ! ನಿಲ್ಸಿ!"

ಇಳಿದು ನೋಡಿದರೆ ಅವಳ ಸ್ಟಾಪ್ ದಾಟಿ ಎರಡು ಸ್ಟಾಪ್ ಬಂದಿದ್ದ. ಬಿಸಿಲು ನೆತ್ತಿಗೇರುತ್ತಿತ್ತು. ಕ್ಯಾಮೆರಾ ತೆಗೆದ, ಆನ್ ಮಾಡಿದ, ಹಿಂದಕ್ಕೆ ಓಡಿದ. ಟೈಲರ್ ಅಂಗಡಿ, ಬೀಗದ ಅಂಗಡಿ, ಸೈಕಲ್ ನಿಲ್ಲಿಸಿದ ಗಲ್ಲಿ ಎಲ್ಲ ಫ್ರೇಮಿನಲ್ಲಿ ಕುಣಿದಾಡಿಕೊಂಡು ಹಿಂದೆ ಹೋದವು. ಸ್ಟುಡಿಯೋ ಮೆಟ್ಟಿಲು ಎರಡೆರಡು ಹಾರಿ ಬಾಗಿಲು ತಳ್ಳಿದ.

ಕಪ್ಪು ಪರದೆ, ಎರಡು ಮಾನಿಟರ್, ಕಿರುಗುಡೋ ಫ್ಯಾನ್. ಕತ್ತರಿ ಕುರ್ಚಿ ತಿರುಗಿಸಿದಳು. ಕತ್ತಿಗೆ ಹೆಡ್‌ಫೋನ್ ನೇತುಬಿದ್ದಿತ್ತು. ಕಣ್ಣು ಊದಿತ್ತು. ಅವನನ್ನ ನೋಡಿದಳು, ಕ್ಯಾಮೆರಾ ನೋಡಿದಳು, ಮತ್ತೆ ಅವನನ್ನ ನೋಡದೆ ಟೇಬಲ್ ಕೆಳಗಿನ ಡಬ್ಬವನ್ನ ಕಾಲಲ್ಲಿ ಮುಂದೆ ತಳ್ಳಿದಳು.

"ನಿನ್ನ ಹಾರ್ಡ್‌ಡಿಸ್ಕ್. ಹನ್ನೆರಡೂ ಇದೆ. ಅಕ್ಕನ ಕೈಲಿ ಕೊಡೋಣ ಅಂತಿದ್ದೆ. ನೀನೇ ಬಂದ್ಯಲ್ಲ, ತಗೊಂಡ್ ಹೋಗು."

"ಯಾಕೆ?"

"ಯಾಕಂತೆ! ನೋಡಿ ಫೋನ್ ಮಾಡು ಅಂದೆ. ಮಾಡ್ಲಿಲ್ಲ. ಅದಕ್ಕೆ ಅರ್ಥ ಏನು ಅಂತ ತಿಳ್ಕೊಳ್ಳೋಕೆ ನನಗೆ ಸಬ್‌ಟೈಟಲ್ ಬೇಕಿಲ್ಲ."

"ನಾನು ನೋಡಿದ್ದು ಇವತ್ತು. ಈಗ. ಬಸ್ಸಲ್ಲಿ."

"ಸುಳ್ಳು ಹೇಳ್ಬೇಡ. ನಿನ್ನೆನೇ ಕಳಿಸಿದೆ ಅಂದ್ಯಲ್ಲ? ಅಕ್ಷರ ತೆಗೆಸೋಕೂ ನನ್ನ ಹತ್ರ ಬರ್ಲಿಲ್ಲ, ಬೇರೆ ಯಾರ ಕೈಲೋ ತೆಗೆಸಿದೀಯ ಅಂತ ಅದಕ್ಕೂ ಒಂದು ಸಲ ಅತ್ತೆ. ನೋಡದೆ ಯಾವ ದಡ್ಡ ಕಳಿಸ್ತಾನೆ?"

ಚಕ್ರ ಬೆರಳಿಂದ ತನ್ನ ಎದೆ ತೋರಿಸಿದ.

ಅವಳು ಮೆಲ್ಲಗೆ ಹೆಡ್‌ಫೋನ್ ಕತ್ತಿನಿಂದ ತೆಗೆದಳು. "ಏನು ಕಳಿಸಿದೆ?"

"ಹಳದೀದು."

"ಚಾನೆಲ್‌ಗಾ?"

"ಹೂಂ."

"ಮೂವತ್ತೊಂದೂ...?"

"ಎಲ್ಲಾ. ನಾಲ್ಕು ಜನ ಇರಬೇಕು. ನಗು ಕೇಳಿದ್ದು ಅಷ್ಟು ಜನರದ್ದು. ಮೂವತ್ತೊಂದಕ್ಕೆ ಮಾತ್ರ ಯಾರೂ ನಗಲಿಲ್ಲ."

ಕತ್ತರಿ ಎದ್ದಳು. ಕಿಟಕಿಯ ಕಪ್ಪು ಪರದೆ ಎಳೆದು ತಲೆಯಿಂದ ಮೊಣಕಾಲವರೆಗೂ ಸುತ್ತಿಕೊಂಡು ನಿಂತುಬಿಟ್ಟಳು.

"ಹೊರಗೆ ಬಾ."

"ಬರಲ್ಲ. ಇನ್ನು ಇಲ್ಲೇ ಇರ್ತೀನಿ. ನೀನು ಮನುಷ್ಯನಾ? ನಾನು ಒಬ್ಬನಿಗೆ ಅಂತ ಬರೆದದ್ದು ಕಣೋ! ಅವನೊಬ್ಬನನ್ನ ಬಿಟ್ಟು ಲೋಕವೆಲ್ಲ ಓದ್ತು!"

ಪರದೆ ಅಲುಗಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ಚಕ್ರನ ಜೀವ ಬಾಯಿಗೆ ಬಂತು. ಹತ್ತಿರ ಹೋಗಿ ಅಂಚು ಸರಿಸಿದ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಅದು ಬೇರೆ ಲೆಕ್ಕ. ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು ನಗುತ್ತಿದ್ದಳು.

"ಹಾಗಾದ್ರೆ ನಾಲ್ಕು ದಿನ ನೀನು ಓದೇ ಇರ್ಲಿಲ್ಲ," ಅಂದಳು. ಉಸಿರು ಒಂದು ಮಾರು ಉದ್ದ ಹೊರಗೆ ಬಂತು. "ಬೇಡ ಅಂತ ಸುಮ್ಮನಿದ್ದದ್ದಲ್ಲ."

"ಅಲ್ಲ."

"ಹಾಗಾದ್ರೆ ಏನು? ಬಾಯಿ ಬಿಟ್ಟು ಹೇಳು. ನನ್ನ ಕೈಲಿ ಅಷ್ಟುದ್ದ ಬರೆಸಿದೀಯ."

ಬೈಯೋದು ಚಕ್ರನಿಗೆ ಸಲೀಸು. ಇದು ಹೊಸ ಭಾಷೆ.

"ವಾಪಸ್ ಬರೋದನ್ನ ಯಾಕೆ ಶೂಟ್ ಮಾಡಲ್ಲ ಅಂತ ಬರೆದಿದೀಯಲ್ಲ, ಬಸ್ ಇಳಿದವನು ನಾನು ಯಾವತ್ತಾದ್ರೂ ಮೊದಲು ಮನೆಗೆ ಹೋಗಿದ್ದೀನಾ? ಸೀದಾ ಇಲ್ಲಿಗೆ ಓಡ್ತಿದ್ದೆ. ಮೆಮೊರಿ ಕಾರ್ಡ್ ಕೊಡೋಕೆ ಅಂತ ನೆಪ. ಕಾರ್ಡ್ ನಾಳೆ ಕೊಟ್ರೆ ಯಾರ ಗಂಟು ಹೋಗ್ತಿತ್ತು? ಕ್ಯಾಮೆರಾ ಹಿಡ್ಕೊಂಡು ಓಡೋಕಾಗಲ್ಲ, ಅದಕ್ಕೇ ಬ್ಯಾಗಲ್ಲಿ ಹಾಕ್ತಿದ್ದೆ. ಅಷ್ಟೇ."

ಅವಳು ಅವನ ಮುಖವನ್ನ ನೋಡುತ್ತಾ ನಿಂತಳು. ಕೆಲಸದ ಕಣ್ಣದು, ಸುಳ್ಳಿದ್ದರೆ ಹಿಡಿದುಬಿಡುತ್ತದೆ. ಹುಬ್ಬಿನಿಂದ ಗಲ್ಲದವರೆಗೆ ಇಳಿಯಿತು, ಮತ್ತೆ ಮೇಲೆ ಹತ್ತಿತು. ಚಕ್ರನಿಗೆ ಕೈ ಎಲ್ಲಿಡೋದು ಅಂತ ತಿಳಿಯಲಿಲ್ಲ.

"ಇವತ್ತು ಓಡ್ಕೊಂಡೇ ಶೂಟ್ ಮಾಡಿದೆ," ಅಂತ ಕ್ಯಾಮೆರಾ ಅವಳ ಕೈಗಿಟ್ಟ.

ಅವಳು ಪುಟ್ಟ ಸ್ಕ್ರೀನಿನಲ್ಲಿ ನೋಡಿದಳು. ಆಕಾಶ, ಚರಂಡಿ, ಅವನ ಹೆಬ್ಬೆರಳು, ಮೆಟ್ಟಿಲು, ಮತ್ತೆ ಹೆಬ್ಬೆರಳು, ಬಾಗಿಲು, ಕೊನೆಗೆ ಕುರ್ಚಿ ತಿರುಗಿಸುವ ತಾನು. ಮೂರು ವರ್ಷದಲ್ಲಿ ಅವನ ಫಿಲ್ಮಿನೊಳಗೆ ತಾನು ಬಂದದ್ದು ಇದೇ ಮೊದಲು.

"ಫೋಕಸ್ಸೇ ಇಲ್ಲ," ಅಂದಳು. ದನಿ ಒದ್ದೆಯಾಗಿತ್ತು.

"ತೆಗೀತೀಯಾ?"

"ಮುಟ್ಟಿದ್ರೆ ಕೈ ಮುರೀತೀನಿ."

ಆಮೇಲೆ ಚಕ್ರ ಐದು ಗಂಟೆಯ ಗಡುವು ನೆನಪಾಗಿ ಅವಳಿಗೂ ಹೇಳಿದ. ಕತ್ತರಿ ದಡಬಡನೆ ಕೂತು ಫೈಲ್ ತೆರೆದಳು. ಹಳದಿ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿದ್ದವು, ಒಂದು ಕ್ಲಿಕ್‌ಗೆ ಮಾಯವಾದವು. ಆರು ಸೆಕೆಂಡಿನ ಶಾಟ್ ಮಾತ್ರ ಇದ್ದ ಜಾಗದಲ್ಲೇ ಇತ್ತು. ಅವಳು ಕೇಳಲಿಲ್ಲ, ಅವನೂ ಬೇಡ ಅನ್ನಲಿಲ್ಲ. ಹೊಸ ಕಾಪಿ ತಯಾರಾಗೋಕೆ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಚಕ್ರ ಒಂದು ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತ. ಮೊಣಕೈಗೆ ಮೊಣಕೈ ತಾಗುತ್ತಿತ್ತು, ಇಬ್ಬರೂ ಗಮನಿಸದ ಹಾಗೆ ಚೆನ್ನಾಗಿ ನಟಿಸಿದರು.

ಒಂದೂವರೆಗೆ ಕಾಪಿ ಚಾನೆಲ್‌ಗೆ ಹೋಯಿತು. ಎರಡೂಕಾಲಿಗೆ ಮೇಡಂ ಮೆಸೇಜ್ ಬಂತು. 'ಸೀರೀಸ್ ನಿಮಗೇ. ಸೋಮವಾರ ಬನ್ನಿ. ಎಡಿಟರ್ ಅವರನ್ನೂ ಕರ್ಕೊಂಡು ಬನ್ನಿ, ಕೆಲಸ ಅವರಿಗೂ ಇದೆ. ಫೋನ್ ಮಾಡಿದ್ರಾ ಅಂತ ಇಲ್ಲಿ ಎಲ್ಲರೂ ಕೇಳ್ತಿದಾರೆ.'

"ನಾನಂತೂ ಬರಲ್ಲಪ್ಪ," ಅಂದಳು ಕತ್ತರಿ. "ಆ ನಾಲ್ಕು ಜನರ ಮುಖ ಹೇಗೆ ನೋಡ್ಲಿ?"

"ಪರದೆ ಸುತ್ಕೊಂಡು ಬಾ."

ಅವಳು ಹೆಡ್‌ಫೋನ್‌ನಿಂದಲೇ ಅವನ ಭುಜಕ್ಕೆ ಬಾರಿಸಿದಳು. ಚಕ್ರ ಆ ಕೈಯನ್ನ ಹಿಡಿದ, ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನ್. ಖಾಲಿಯಿದ್ದ ಕೈಯಿಂದ ಸ್ಪೀಕರ್ ಒತ್ತಿದ.

"ಏನಾಯ್ತೋ? ಇಲ್ಲಿ ನಿಮ್ಮ ಭಾವ ಮೂರು ಸಲ ಬಾಗಿಲಿಗೆ ಹೋಗಿ ಬಂದ್ರು, ಹೇಳ್ಕೊಳ್ಳಲ್ಲ ಅಷ್ಟೇ. ಆಯ್ತಾ ಇಲ್ವಾ?"

"ಆಯ್ತು ಅಕ್ಕ."

"ಯಾವ್ದು ಆಯ್ತು? ಸರಿಯಾಗಿ ಹೇಳು. ಕೆಲಸ ಆಯ್ತೋ, ಆ ಹುಡುಗಿ ಮಾತಾಡಿದ್ಲೋ?"

ಚಕ್ರ ಪಕ್ಕಕ್ಕೆ ನೋಡಿದ. ಕತ್ತರಿ ಕೆಳತುಟಿ ಕಚ್ಚಿಕೊಂಡು ಮಾನಿಟರ್ ನೋಡುತ್ತಿದ್ದಳು. ಅದರಲ್ಲಿ ಏನೂ ಓಡುತ್ತಿರಲಿಲ್ಲ. ಆಮೇಲೆ ಫೋನಿನ ಕಡೆ ಬಾಗಿ, ತೀರಾ ಸಣ್ಣ ದನಿಯಲ್ಲಿ ಅವಳೇ ಉತ್ತರ ಕೊಟ್ಟಳು.

"ಎರಡೂ ಅಕ್ಕ."