ಮೂರು ತಿಂಗಳು ಯಾರೂ ಓದದ ಗ್ರಂಥಾಲಯ

ಶುಕ್ರವಾರ ಬೆಳಿಗ್ಗೆ ೧೦-೨೦ಕ್ಕೆ ಶಾಖಾ ಗ್ರಂಥಾಲಯದ ಮೇಡಂ ಠಾಣೆಗೆ ಬಂದು, ಬೆಂಚಿನ ಮೇಲೆ ಕುಳಿತೇ ದೂರು ಬರೆದುಕೊಟ್ಟರು. ತಮ್ಮಲ್ಲಿ ದಿನಕ್ಕೆ ಐವತ್ತು ಜನ ಪುಸ್ತಕ ಒಯ್ಯುತ್ತಾರೆ. ಆದರೆ ಕೇಂದ್ರ ಕಚೇರಿಯ ಸರ್ವರ್‌ನಲ್ಲಿ ಮೂರು ತಿಂಗಳಿಂದ ಒಂದು ಹೆಸರೂ ಸೇರಿಲ್ಲ. ದಾರಿಯಲ್ಲಿ ಯಾರೋ ಹೆಸರು ಕದಿಯುತ್ತಿದ್ದಾರೆ. ಓದುಗರಿಲ್ಲದ ಶಾಖೆಗೆ ಸೋಮವಾರ ಬೀಗ ಹಾಕುತ್ತಾರಂತೆ.

ಇನ್ಸ್‌ಪೆಕ್ಟರಿಗೆ ಕಂಪ್ಯೂಟರ್ ಎಂದರೆ ಕಬ್ಬಿಣದ ಕಡಲೆ. ಆದರೂ ತಡಮಾಡದೆ ಎಫ್‌ಐಆರ್ ಹಾಕಿದರು. ಬೀಗದ ಸುದ್ದಿ ಅವರ ತಾಯಿಗೆ ಆಗಲೇ ಮುಟ್ಟಿ, "ಅದು ಮುಚ್ಚಿದ್ರೆ ದಿನವೆಲ್ಲ ನಿನ್ನ ಮುಖ ನೋಡ್ಕೊಂಡು ಕೂತಿರ್ಲೇನೋ?" ಎಂದು ಬೆಳಿಗ್ಗೆಯೇ ಮಂಗಳಾರತಿ ಆಗಿತ್ತು.

೧೧-೪೦ಕ್ಕೆ ಸ್ಥಳ ಪರಿಶೀಲನೆ. ದಫೇದಾರ ಕಂಪ್ಯೂಟರಿನ ಇಂಟರ್ನೆಟ್ ತಂತಿ ಹಿಡಿದು ಹೊರಗಿನ ಕಂಬದವರೆಗೂ ನಡೆದುಬಂದ.

"ಎಲ್ಲೂ ಕತ್ತರಿಸಿಲ್ಲ ಸರ್. ಹೆಸರುಗಳು ಉದುರಿಬಿದ್ದ ಗುರುತೂ ಇಲ್ಲ."

"ಬಾಯಿ ಮುಚ್ಕೊಂಡು ಪಂಚನಾಮೆ ಬರಿ."

ಕೌಂಟರಿನಲ್ಲಿ ಗುಮಾಸ್ತರೊಬ್ಬರೇ ಇದ್ದರು. ಮೂವತ್ತು ವರ್ಷದ ಸರ್ವೀಸು, ಕನ್ನಡಕ ಹಣೆಯ ಮೇಲೆ.

"ಪರದೆ ಮೇಲಿನ ಈ ಹೆಸರೆಲ್ಲ ಎಲ್ಲಿವೆ?"

"ಸರ್ವರ್‌ನಲ್ಲಿ."

"ಅದು ಎಷ್ಟು ದೂರ?"

"ಮುನ್ನೂರು ಕಿಲೋಮೀಟರ್."

ಇನ್ಸ್‌ಪೆಕ್ಟರ್ ಬಗ್ಗಿ ಆ ತಂತಿ ಕಿತ್ತರು. ಪರದೆಯ ಮೇಲೆ ಒಂದು ಹೆಸರೂ ಅಲುಗಲಿಲ್ಲ. ದಫೇದಾರನ ಹೆಸರು ಹೊಸದಾಗಿ ಸೇರಿಸಲು ಹೇಳಿದರು. ಅದೂ ಸಲೀಸಾಗಿ ಸೇರಿತು.

"ತಂತಿ ಇಲ್ದೆ ಮುನ್ನೂರು ಕಿಲೋಮೀಟರ್ ಹೇಗೆ ಹೋಯ್ತು?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಇಲ್ಲಿನ ಪರದೆಯನ್ನು ಅಲ್ಲಿನ ಪಟ್ಟಿಗೆ ಜೋಡಿಸಬೇಕಿತ್ತು. ಮೂರು ತಿಂಗಳ ಹಿಂದೆ ಅವರು ಜೋಡಿಸುವ ಬದಲು ಪಟ್ಟಿಯನ್ನೇ ಇಲ್ಲಿಗೆ ಕಾಪಿ ಮಾಡಿಕೊಂಡಿದ್ದರು. ಅಂದಿನಿಂದ ಬರೆದದ್ದೆಲ್ಲ ಮೇಜಿನ ಕೆಳಗಿನ ಡಬ್ಬಿಯಲ್ಲೇ ಉಳಿದಿತ್ತು.

"ಜೋಡಿಸಿದ್ರೆ ಒಂದೊಂದು ಹೆಸರಿಗೆ ನಾಲ್ಕು ನಿಮಿಷ ಸರ್. ನಿಂತು ಸಾಕಾಗಿ ಜನ ಪುಸ್ತಕ ಇಟ್ಟು ಹೋಗ್ತಿದ್ರು. ಒಬ್ರು ಅಮ್ಮ, ಮಂಡಿನೋವು. 'ಇನ್ನು ಬರಲ್ಲಪ್ಪ, ಕಾಲು ಕೇಳಲ್ಲ' ಅಂದ್ರು. ಅವತ್ತೇ ಕಾಪಿ ಮಾಡ್ದೆ. ಮಾರನೇ ದಿನ ಮನೆಗೇ ಹೋಗಿ ಕರೆದೆ."

"ಆಮೇಲೆ ಅಲ್ಲಿಗೆ ಯಾಕೆ ಕಳಿಸ್ಲಿಲ್ಲ?"

"ಕೇಂದ್ರ ಕಚೇರಿಯವ್ರು ಪಟ್ಟಿ ತರೋದು ಹೇಳಿಕೊಟ್ಟಿದ್ರು, ಕಳಿಸೋದು ಹೇಳಿಕೊಟ್ಟಿರ್ಲಿಲ್ಲ. ಕೇಳೋಕೆ ನಾಚಿಕೆ ಆಯ್ತು."

"ಆ ಅಮ್ಮನ ಮನೆ ಎಲ್ಲಿ?"

"ಪೊಲೀಸ್ ಕ್ವಾರ್ಟರ್ಸು. ಮೂರನೇದು."

ದಫೇದಾರ ಪಂಚನಾಮೆಯಲ್ಲಿ ತಲೆ ಹುದುಗಿಸಿದ. ಮೂರನೇದು ಇನ್ಸ್‌ಪೆಕ್ಟರ ಮನೆ.

೧೨-೫೫ಕ್ಕೆ ದಸ್ತಗಿರಿ, ೧-೦೫ಕ್ಕೆ ಜಾಮೀನು. ಷರತ್ತು ಒಂದೇ: ಕೇಂದ್ರ ಕಚೇರಿಯವರನ್ನು ಫೋನಿನಲ್ಲಿ ಕೇಳಿಕೊಂಡು ಎಲ್ಲ ಹೆಸರನ್ನೂ ತಲುಪಿಸಬೇಕು. ಶನಿವಾರ ಸಂಜೆ ೫-೩೦ಕ್ಕೆ ಮೂರು ಸಾವಿರದ ಏಳುನೂರ ಹನ್ನೆರಡು ಹೆಸರು ಒಂದೇ ಕಂತಿನಲ್ಲಿ ಸರ್ವರ್ ಸೇರಿದವು. ದಫೇದಾರನದೂ ಸೇರಿತು. ಬೀಗದ ಆದೇಶ ರದ್ದಾಯಿತು. ಕೇಸಿನ ವರದಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್, "ಓದಲು ಬಂದವರು ಬರಿಗೈಲಿ ವಾಪಸಾಗುವುದನ್ನು ನೋಡಲಾರದೆ" ಎಂದು ಬರೆದರು.

ಆದರೆ ಪರದೆಯನ್ನು ಸರ್ವರ್‌ಗೆ ಜೋಡಿಸಿದ ಮೇಲೂ ಹೆಸರಿಗೆ ನಾಲ್ಕು ನಿಮಿಷ ಹಾಗೇ ಇತ್ತು. ಸೋಮವಾರ ಇಬ್ಬರು ಪೇದೆಗಳು ಠಾಣೆಯ ಬೆಂಚನ್ನು ಹೊತ್ತು ಗ್ರಂಥಾಲಯದ ಕೌಂಟರಿನ ಮುಂದೆ ಇಳಿಸಿದರು. ಇನ್ಸ್‌ಪೆಕ್ಟರ ತಾಯಿ ಮಂಡಿ ನೀವಿಕೊಂಡು, ಮಡಿಲಲ್ಲಿ ಪುಸ್ತಕ ತೆರೆದು ಅದರ ಮೇಲೆ ಕೂತರು. ನಾಲ್ಕು ನಿಮಿಷ ಕಳೆದು ಗುಮಾಸ್ತರು ಕರೆದಾಗ, "ಇರಪ್ಪ, ಈ ಪುಟ ಮುಗೀಲಿ" ಎಂದರು.